ಅತ್ತೆಯ ಸೆರಗಿನ ಗಂಟು

ಕಳೆದ ವರ್ಷ ಯುಗಾದಿ ಕಳೆದ ಹೊಸದರಲ್ಲಿ ನಮ್ಮ ಯಜಮಾನರಿಗೆ ಎದೆನೋವು ಬಂತು. ನಮ್ಮದು ಮೂಗೂರು. ಇವರು ತಿ. ನರಸೀಪುರದಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದರು. ಹೃದಯದ ರಕ್ತನಾಳ ಮುಚ್ಚಿಕೊಂಡಿದೆ ಎಂದು ಮೈಸೂರಿನ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. ಮನೆಗೆ ಬಂದ ಮೇಲೆ ನೋಡಲು ಬಂದವರಿಗೆಲ್ಲ ಇವರು ಎದೆ ತಟ್ಟಿಕೊಂಡು, "ಏನಿಲ್ಲ ಕಣ್ರೀ, ಟ್ಯೂಬ್‌ಗೆ ಒಳಗಡೆಯಿಂದ ಪ್ಯಾಚ್ ಆಕವ್ರೆ, ಅಷ್ಟೇಯ" ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಬೀಡಿ ಬಿಡಿ, ಬೀಡಿ ಬಿಡಿ ಎಂದು ಮದುವೆಯಾದಾಗಿನಿಂದ ಬಾಯಿ ಬಡಿದುಕೊಂಡವಳು ನಾನು. ಇವರಿಗೆ ಅದೂ ತಮಾಷೆ.

ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರ್ ನನ್ನನ್ನೂ ಅತ್ತೆಯನ್ನೂ ಕೂರಿಸಿಕೊಂಡು ಹೇಳಿದ್ದರು. "ಈ ಎರಡು ಮಾತ್ರೆ ರಕ್ತ ತೆಳ್ಳಗಿಡುತ್ತವೆ. ಇಲ್ಲದಿದ್ದರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟುತ್ತದೆ. ಒಂದು ದಿನವೂ ತಪ್ಪಬಾರದು. ಯಾರು ಏನೇ ಹೇಳಲಿ, ನಮ್ಮನ್ನು ಕೇಳದೆ ನಿಲ್ಲಿಸಬೇಡಿ." ಅತ್ತೆ ಕೈಮುಗಿದು ತಲೆಯಾಡಿಸಿದರು. ಅವರಿಗೆ ಓದು ಬರಹ ಬರುವುದಿಲ್ಲ. ಆದರೂ ರಾತ್ರಿ ಊಟವಾದ ಮೇಲೆ ಮಗನಿಗೆ ಮಾತ್ರೆ ಕೊಡುವ ಕೆಲಸ ತಮ್ಮದೇ ಎಂದು ಹಟ ಹಿಡಿದರು. ಬಿಳಿಯದು ಒಂದು, ಗುಲಾಬಿ ಬಣ್ಣದ್ದು ಒಂದು. ಒಂದು ದಿನವೂ ಅದಲುಬದಲು ಮಾಡಲಿಲ್ಲ. ಇವರೋ ಅಂಗೈಗೆ ಬಿದ್ದದ್ದನ್ನು ನೋಡದೆಯೇ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಸ್ಟೆಂಟ್ ಹಾಕಲು ಮಗನನ್ನು ಒಳಗೆ ಕರೆದುಕೊಂಡು ಹೋದಾಗ ಅತ್ತೆ ನಂಜುಂಡೇಶ್ವರನಿಗೆ ಹರಕೆ ಹೊತ್ತಿದ್ದರಂತೆ. ಮಗ ಉಳಿದು ಬಂದರೆ ಅವನ ಮುಡಿ ಕೊಡುತ್ತೇನೆಂದು. ಇವರು ಓಡಾಡುವಂತಾದ ಮೇಲೆ ಒಂದು ಸೋಮವಾರ ಮೂವರೂ ಬಸ್ಸಿನಲ್ಲಿ ನಂಜನಗೂಡಿಗೆ ಹೋದೆವು. ಕಪಿಲೆಯ ದಂಡೆಯ ಹತ್ತಿರ ಇವರು ಮುಡಿ ತೆಗೆಸಲು ಕುಳಿತರು. ಸುಮ್ಮನೆ ಕೂರುವ ಪ್ರಾಣಿಯೇ ಅದು! ಕತ್ತಿ ಕಿವಿಯ ಹಿಂದೆ ಇರುವಾಗಲೇ ನನ್ನ ಕಡೆ ತಿರುಗಿ, "ಎಂಗವ್ನೆ ನಿನ್ ಗಂಡ?" ಎಂದರು. ಚರ್ಮ ಸೀಳಿತು.

ಸಣ್ಣ ಗಾಯ. ಬೇರೆಯವರಿಗಾಗಿದ್ದರೆ ರಕ್ತ ಅಲ್ಲೇ ನಿಂತುಹೋಗುತ್ತಿತ್ತು. ಮುಡಿ ತೆಗೆಯುವವರು ಪಟಿಕ ಉಜ್ಜಿದರು, ನಾನು ಅರಿಶಿನ ಒತ್ತಿ ಹಿಡಿದೆ. ರಕ್ತ ನಿಲ್ಲಲೇ ಇಲ್ಲ. ಟವೆಲ್ ಒದ್ದೆಯಾಯಿತು. ಕೊನೆಗೆ ಹತ್ತಿರದ ಕ್ಲಿನಿಕ್ಕಿಗೆ ಹೋಗಿ ಪಟ್ಟಿ ಕಟ್ಟಿಸಿದೆವು. "ರಕ್ತ ತೆಳ್ಳಗಾಗೋ ಮಾತ್ರೆ ತಗೋತಾ ಇದ್ದಾರಲ್ಲ, ಹೀಗಾಗುತ್ತೆ, ಭಯ ಬೇಡ" ಎಂದರು ಅಲ್ಲಿಯವರು. ಆಮೇಲೆ ದೇವಸ್ಥಾನಕ್ಕೆ ಹೋಗಿ ಕೈಮುಗಿದೆವು. ಬೋಳುತಲೆಗೆ ಹಚ್ಚಿದ್ದ ಗಂಧದ ಒಂದು ಬದಿ ಕೆಂಪಗಾಗಿತ್ತು. ಅತ್ತೆ ಅದನ್ನೇ ನೋಡುತ್ತಾ ಪ್ರಸಾದವನ್ನೂ ಬಾಯಿಗೆ ಹಾಕಿಕೊಳ್ಳಲಿಲ್ಲ.

ಬಸ್ಸಿನಲ್ಲಿ ಅತ್ತೆ ಮೆಲ್ಲಗೆ ಕೇಳಿದರು. "ಕೂಸೇ, ನೆತ್ರು ನೀರು ಮಾಡೋದು ಯಾವ ಮಾತ್ರೆ?"

"ಎರಡೂ ಅದೇ ಕೆಲಸ ಮಾಡ್ತವೆ ಕಣತ್ತೆ. ಗುಲಾಬಿ ಬಣ್ಣದ್ದು ಜಾಸ್ತಿ ಅಂತೆ" ಎಂದೆ.

ಅತ್ತೆಯ ಹಿರಿಮಗಳು ಹೆರಿಗೆಯಲ್ಲಿ ರಕ್ತ ನಿಲ್ಲದೆ ತೀರಿಕೊಂಡವಳು. ಇವರ ಅಕ್ಕ. ಅವಳ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಆ ದಿನ ಬಸ್ಸಿನಲ್ಲೂ ಅತ್ತೆ ಎತ್ತಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಕುಳಿತರು. ನನಗೂ ನೆನಪಾಗಲಿಲ್ಲ.

ಅದೇ ವಾರ ಇವರು ಅಂಗಡಿಗೆ ಹೋಗಲು ಶುರುಮಾಡಿದರು. ಶನಿವಾರ ಹಗಲು ಪಕ್ಕದ ಟೀ ಅಂಗಡಿಯವರಿಂದ ಫೋನ್ ಬಂತು. "ಅಕ್ಕಾ, ಅಣ್ಣ ಟೈರ್ ಬಿಚ್ತಾ ಬಿಚ್ತಾ ಅಂಗೇ ಕುಂತ್ಕಬುಟ್ರು. ಮೈಯೆಲ್ಲ ಬೆವರು. ಆಸ್ಪತ್ರೆಗೆ ಕರ್ಕೊಂಡೋಯ್ತಾ ಇವ್ನಿ, ಬಿರ್ನೆ ಬನ್ನಿ." ನಾನೂ ಅತ್ತೆಯೂ ಉಟ್ಟ ಬಟ್ಟೆಯಲ್ಲೇ ಆಟೋ ಹತ್ತಿದೆವು. ನರಸೀಪುರದಿಂದ ಆಂಬುಲೆನ್ಸ್‌ನಲ್ಲಿ ಮೈಸೂರಿಗೆ. ದಾರಿಯುದ್ದಕ್ಕೂ ಇವರು ಒಂದೂ ತಮಾಷೆ ಮಾಡಲಿಲ್ಲ. ಇವರು ಮಾತಿಲ್ಲದೆ ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅದೇ ಡಾಕ್ಟರ್ ಸಿಕ್ಕರು. ಇ.ಸಿ.ಜಿ. ನೋಡಿದವರೇ, "ಸ್ಟೆಂಟ್ ಮುಚ್ಚಿಕೊಂಡಿರೋ ಹಾಗಿದೆ. ಮಾತ್ರೆ ನಿಲ್ಲಿಸಿದ್ರಾ?" ಎಂದರು.

"ಇಲ್ಲ ಸಾರ್."

"ಸರಿಯಾಗಿ ಯೋಚನೆ ಮಾಡಿ ಹೇಳಿ. ಇದು ಮುಖ್ಯ."

"ಒಂದು ಹೊತ್ತೂ ತಪ್ಪಿಲ್ಲ ಸಾರ್. ನಮ್ಮತ್ತೆ ಕೈಯಾರೆ ಕೊಡ್ತಾರೆ. ಬೇಕಾದ್ರೆ ಅವರನ್ನೇ ಕೇಳಿ!" ನನ್ನ ದನಿ ಜೋರಾಗಿಯೇ ಇತ್ತು. ನಮ್ಮ ಮೇಲೇ ತಪ್ಪು ಹೊರಿಸುತ್ತಾರಲ್ಲ ಎಂದು ಸಿಟ್ಟು ಬಂದಿತ್ತು.

ಅತ್ತೆ ಗೋಡೆ ಹಿಡಿದು ನಿಂತಿದ್ದರು. ಸೆರಗಿನ ತುದಿಯನ್ನು ಮುಂದಕ್ಕೆ ಎಳೆದುಕೊಂಡು ಗಂಟು ಬಿಚ್ಚತೊಡಗಿದರು. ಗಂಟು ಬಿಚ್ಚಿಕೊಳ್ಳಲಿಲ್ಲ, ಹಲ್ಲಿನಿಂದ ಎಳೆದರು. ಎಲೆಅಡಿಕೆ, ಚಿಲ್ಲರೆ ಕಟ್ಟಿಕೊಳ್ಳುವ ಆ ಗಂಟಿನಲ್ಲಿ ಗುಲಾಬಿ ಬಣ್ಣದ ಮಾತ್ರೆಗಳಿದ್ದವು. ನಂಜನಗೂಡಿನಿಂದ ಬಂದ ರಾತ್ರಿಯಿಂದ ಹಿಂದಿನ ರಾತ್ರಿಯವರೆಗಿನ ಎಲ್ಲವೂ.

"ಗಾಯ ಒಣಗೋಗಂಟ ಬ್ಯಾಡ ಅಂತ ಎತ್ತಿಟ್ಕಂಡಿದ್ದೆ ಬುದ್ದೀ" ಎಂದರು. "ಒಣಗಿದ್ಮೇಲೆ ಎಲ್ಲಾನೂ ಕೊಡಾನ ಅಂತಿದ್ದೆ. ಒಂದೂ ಬಿಸಾಕಿಲ್ಲ. ನೋಡಿ, ಒಂದೂ ಬಿಸಾಕಿಲ್ಲ."

ಡಾಕ್ಟರ್ ಬಯ್ಯುತ್ತಾರೆಂದುಕೊಂಡೆ. ಅವರು ಆ ಮಾತ್ರೆಗಳನ್ನು ನೋಡಿ, "ಹೇಳಿದ್ದು ಒಳ್ಳೇದಾಯ್ತಜ್ಜಿ" ಎಂದಷ್ಟೇ ಹೇಳಿ ಒಳಗೆ ಓಡಿದರು. ಬಯ್ದವಳು ನಾನು. ಅಷ್ಟು ಜನರ ಮುಂದೆ, "ಹೆತ್ತು ಸಾಕಿದ ಕೈಯಲ್ಲೇ ಕೊಂದುಬಿಟ್ರಲ್ಲ!" ಎಂದು ಕಿರುಚಿದೆ. ಅತ್ತೆ ಗೋಡೆಗೊರಗಿಕೊಂಡೇ ಜಾರಿ ನೆಲದ ಮೇಲೆ ಕುಳಿತರು. ಮಾತ್ರೆಗಳು ಇನ್ನೂ ಅಂಗೈಯಲ್ಲೇ ಇದ್ದವು.

ಮುಚ್ಚಿದ್ದ ನಾಳವನ್ನು ಮತ್ತೆ ತೆರೆದರು. ಜೀವ ಉಳಿಯಿತು. ಆದರೆ ಹೃದಯದ ಒಂದು ಭಾಗ ಸತ್ತಿದೆ, ಅದು ಮತ್ತೆ ಚಿಗುರುವುದಿಲ್ಲ ಎಂದರು. ಇವರು ಈಗ ಬಚ್ಚಲಿಗೆ ಹೋಗಿ ಬಂದರೂ ಏದುಸಿರು ಬಿಡುತ್ತಾರೆ. ಸಂಜೆಯಾದರೆ ಕಾಲುಗಳು ಊದಿಕೊಳ್ಳುತ್ತವೆ. ಟೈರ್ ಎತ್ತುವ ಮಾತೇ ಇಲ್ಲ. ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟೆವು. ಪ್ಯಾಚಿನ ಮಾತನ್ನು ಇವರು ಮತ್ತೆ ಆಡಿಲ್ಲ.

ಮನೆಗೆ ಬಂದ ಮೊದಲ ರಾತ್ರಿ ಮಾತ್ರೆ ತೆಗೆದುಕೊಂಡು ನಾನೇ ಮುಂದೆ ಹೋದೆ. ಇವರು ನನ್ನ ಕೈ ಸರಿಸಿ, ಒಲೆಯ ಹತ್ತಿರ ಮುದುಡಿ ಕುಳಿತಿದ್ದ ತಾಯಿಯ ಕಡೆ ಅಂಗೈ ಚಾಚಿದರು.

"ನೀನೇ ಕೊಡವ್ವ."

"ನನ್ ಕೈ ಪಾಪಿ ಕೈ ಕನಪ್ಪ. ಬ್ಯಾಡ."

"ಕೊಡವ್ವ ಅಂದ್ರೆ. ಕೈ ನೋಯ್ತಾ ಅದೆ."

ಅಂದಿನಿಂದ ದಿನವೂ ಅತ್ತೆಯೇ ಕೊಡುತ್ತಾರೆ. ಆದರೆ ಹಿಂದಿನಂತಲ್ಲ. ಒಂದೇ ನೋಟಕ್ಕೆ ಗುರುತು ಹಿಡಿಯುತ್ತಿದ್ದವರು ಈಗ ಒಂದೊಂದು ಮಾತ್ರೆಯನ್ನೂ ದೀಪಕ್ಕೆ ಹಿಡಿದು ನನ್ನ ಮುಖ ನೋಡುತ್ತಾರೆ. "ಇದೇನಾ ಕೂಸೇ? ಇದೇ ತಾನೇ?"

"ಇದೇ ಕಣತ್ತೆ, ಕೊಡಿ" ಎನ್ನುತ್ತೇನೆ. ಮಗಳನ್ನು ಹಾಗೆ ಕಳೆದುಕೊಂಡ ತಾಯಿ ಮಗನ ರಕ್ತ ನೋಡಿ ಹೆದರಿದ್ದರಲ್ಲಿ ಏನು ತಪ್ಪು ಎಂದು ನನ್ನ ಬುದ್ಧಿಗೆ ಗೊತ್ತು. ಪಕ್ಕದಲ್ಲಿ ಇವರ ಏದುಸಿರು ಕೇಳುವಾಗ ಹೊಟ್ಟೆಯೊಳಗಿನ ಸಂಕಟಕ್ಕೆ ಅದು ಗೊತ್ತಾಗುವುದಿಲ್ಲ. ಒಂದೊಂದು ರಾತ್ರಿ ನನ್ನ ದನಿ ಗಡುಸಾಗಿ ಬರುತ್ತದೆ. ಆಗ ಅತ್ತೆ ಚಾಚಿದ ಕೈಯನ್ನು ತಟ್ಟನೆ ಹಿಂದಕ್ಕೆಳೆದುಕೊಂಡು ಮತ್ತೆ ಕೇಳುತ್ತಾರೆ, "ಇದೇ ತಾನೇ?" ಇವರು ಅಂಗೈ ಚಾಚಿಕೊಂಡೇ ನನ್ನನ್ನು ನೋಡುತ್ತಾರೆ. ಆ ಒಂದು ಮಾತನ್ನು ಮೆತ್ತಗೆ ಹೇಳುವುದನ್ನು ನಾನಿನ್ನೂ ಕಲಿಯುತ್ತಿದ್ದೇನೆ.