ಶಿವಗಂಗಕ್ಕನ ನೋಟ್‌ಬುಕ್ಕಿನ ನಾಲ್ಕು ಕಾಲಂ

ಕಳೆದ ವರ್ಷದ ಆಷಾಢ. ನಾನು ಸ್ವಂತವಾಗಿ ಬರೆದ ಮೊದಲ ಸಾಫ್ಟ್‌ವೇರ್, ಹಾಲ್ಕುರಿಕೆ ಹತ್ತಿರದ ಒಂದು ಹಳ್ಳಿಯ ಹೆಂಗಸರ ಹಾಲಿನ ಡೈರಿಯಲ್ಲಿ ಓಡಲು ಶುರುವಾಗಿ ಮೂರು ವಾರವಾಗಿತ್ತು. ಹಾಲಿನ ತೂಕ, ಫ್ಯಾಟ್ ಎರಡನ್ನೂ ಯಂತ್ರಗಳಿಂದ ತೆಗೆದುಕೊಂಡು ಚೀಟಿ ಕೊಡುವುದು ಅದರ ಕೆಲಸ. ತಿಪಟೂರಿನಲ್ಲಿ ಟೈಲರ್ ಆಗಿರುವ ನಮ್ಮ ಅಬ್ಬಾ, ಅಳತೆ ಕೊಡಲು ಬಂದವರಿಗೆಲ್ಲ ಈ ಸುದ್ದಿ ಹೇಳುತ್ತಿದ್ದರು.

ಒಂದು ಬೆಳಿಗ್ಗೆ ಡೈರಿಯ ಕಾರ್ಯದರ್ಶಿ ಶಿವಗಂಗಕ್ಕ ಫೋನ್ ಮಾಡಿದರು.

"ನಿಂತೋಯ್ತು ಕಣಮ್ಮ ಶಾಹಿನಾ. ಈ ವಾರದಲ್ಲಿ ಮೂರ್ನೇ ಸಲ. ಹಾಲಿನ ವ್ಯಾನ್‌ನೋರು ಕಾಯಾಕಿಲ್ಲ ಅಂತಾವ್ರೆ. ಇನ್ನೊಂದು ಸಲ ಹಿಂಗಾದ್ರೆ ಹಳೇ ಮಿಷಿನ್ನೇ ಸಾಕು ಅಂತ ಅಧ್ಯಕ್ಷರು ಹೇಳವ್ರೆ."

"ಯೋಚ್ನೆ ಮಾಡ್ಬೇಡಿ ಅಕ್ಕ. ಏನೇ ಎರರ್ ಬಂದ್ರೂ ಲಾಗ್‌ನಲ್ಲಿ ಬರ್ದಿರುತ್ತೆ, ನೋಡಿದ ತಕ್ಷಣ ಗೊತ್ತಾಗುತ್ತೆ" ಎಂದು ಧೈರ್ಯ ಹೇಳಿ ಸ್ಕೂಟರ್ ಹತ್ತಿದೆ.

ಲಾಗ್ ಎಂದರೆ ಪ್ರೋಗ್ರಾಂ ಎಲ್ಲಿ ಎಡವಿತು ಎಂದು ತಾನೇ ಬರೆದಿಡುವ ಫೈಲು. ಕ್ಯಾನ್ ಹಿಡಿದು ನಿಂತ ಹೆಂಗಸರ ಮುಂದೆ ಅದನ್ನು ತೆರೆದೆ. ಉದ್ದಕ್ಕೂ ಒಂದೇ ಸಾಲು: ಆಬ್ಜೆಕ್ಟ್ ಆಬ್ಜೆಕ್ಟ್, ಆಬ್ಜೆಕ್ಟ್ ಆಬ್ಜೆಕ್ಟ್. ಎರರ್ ಒಳಗಿದ್ದ ಹೆಸರು, ಕಾರಣ ಒಂದನ್ನೂ ಬಿಡಿಸಿ ಬರೆಯದೆ, ಇಲ್ಲೊಂದು ಗಂಟಿದೆ ಎಂದಷ್ಟೇ ನನ್ನ ಕೋಡ್ ಬರೆದಿತ್ತು.

ಶಿವಗಂಗಕ್ಕ ಕನ್ನಡಕ ಏರಿಸಿ ನೋಡಿದರು. "ಇದ್ಯಾಕೆ ಒಂದೇ ಮಾತ ಎರಡೆರಡು ಸಲ ಹೇಳ್ತದೆ?"

ಹೆಂಗಸರೆಲ್ಲ ನಕ್ಕರು. ಅಳು ಬರುವಂತಿದ್ದರೂ ನಾನೂ ನಕ್ಕೆ.

ಆಗ ಅವರು ಮೇಜಿನ ಡ್ರಾಯರಿನಿಂದ ಒಂದು ನೋಟ್‌ಬುಕ್ ತೆಗೆದು ಕೊಟ್ಟರು. ಪ್ರೋಗ್ರಾಂ ನಿಂತಾಗಲೆಲ್ಲ ಸ್ಕೇಲಿನಿಂದ ಗೆರೆ ಎಳೆದು ಬರೆದಿದ್ದರು. ಎಷ್ಟು ಹೊತ್ತಿಗೆ, ಯಾವ ಮಿಷಿನ್, ಏನಾಯ್ತು, ಅದಕ್ಕೆ ಮುಂಚೆ ಏನಾಗಿತ್ತು. ಕೊನೆಯ ಕಾಲಂನಲ್ಲಿ ಮೂರು ಸಲವೂ ಒಂದೇ ಉತ್ತರ: ಕರೆಂಟ್ ಹೋಗಿ ಬಂತು.

"ಹಿಂಗೆ ಬರೀಬೇಕು ಅಂತ ಯಾರು ಹೇಳಿದ್ರು ಅಕ್ಕ?"

"ಯಾರೇಳ್ತಾರೆ. ಹಸೀಗೆ ಹುಷಾರಿಲ್ದಾಗ ದನದ ಡಾಕ್ಟ್ರು ಇಂಥವನ್ನೇ ಕೇಳಾದು. ಮರ್ತೋಯ್ತದೆ ಅಂತ ಬರ್ಕಂಡೆ ಬುಡು."

ಕರೆಂಟ್ ಬಂದಾಗ ಫ್ಯಾಟ್ ನೋಡುವ ಯಂತ್ರ ಕಂಪ್ಯೂಟರಿನಲ್ಲಿ ಬೇರೆ ಪೋರ್ಟ್, ಅಂದರೆ ಒಳಬರುವ ಬೇರೆ ಬಾಗಿಲು, ಹಿಡಿಯುತ್ತಿತ್ತು. ನನ್ನ ಪ್ರೋಗ್ರಾಂ ಹಳೆಯದರಲ್ಲೇ ಹುಡುಕುತ್ತಿತ್ತು. ಹತ್ತು ನಿಮಿಷದಲ್ಲಿ ಸರಿಪಡಿಸಿದೆ. ವ್ಯಾನ್ ಹೊರಡುವ ಮೊದಲು ಕೊನೆಯ ಕ್ಯಾನೂ ಅಳತೆಯಾಯಿತು.

ಆಮೇಲೆ ಅವರು ಕೊಟ್ಟ ಕಾಫಿ ಕುಡಿಯುತ್ತ ಲಾಗ್ ಬರೆಯುವ ಭಾಗವನ್ನೇ ಹೊಸದಾಗಿ ಬರೆದೆ. ಎರರ್ ಯಂತ್ರದ್ದಾಗಲಿ, ಪ್ರಿಂಟರಿನದಾಗಲಿ, ನನ್ನದೇ ಆಗಲಿ, ಬರಿಯ ಒಂದು ವಾಕ್ಯವಾಗಿರಲಿ, ಒಂದು ಎರರ್ ಒಳಗೆ ಇನ್ನೊಂದು ಕೂತಿರಲಿ, ಎಲ್ಲವೂ ಶಿವಗಂಗಕ್ಕನ ನಾಲ್ಕು ಕಾಲಂಗಳಲ್ಲೇ ಬಂದು ಕೂರಬೇಕು. ಪರೀಕ್ಷೆ ಮಾಡಲು ಅವರೇ ಮುಂದಾದರು.

"ಈ ಪ್ರಿಂಟರ್ ವೈರ್ ಕಿತ್ತು ಬುಡ್ಲಾ?"

"ಕೀಳಿ ಅಕ್ಕ."

ಕಿತ್ತರು. ಗಂಟೆ, ಮಿಷಿನ್, ತಪ್ಪು, ಅದಕ್ಕೆ ಮುಂಚೆ ಆದದ್ದು ನಾಲ್ಕೂ ತಪ್ಪದೆ ಬಂದವು. ಅವರು ಒಂದೊಂದೇ ಕಾಲಂ ಮೇಲೆ ಬೆರಳಿಟ್ಟು ಓದಿ, "ಈಗ ಸರಿಯಾಗಿ ಮಾತಾಡ್ತದೆ" ಎಂದರು.

ಎಂಟು ದಿನದ ನಂತರ ಬೆಳಿಗ್ಗೆಯೇ ಅವರ ಫೋನ್ ಬಂತು. ಸ್ಕೂಟರ್ ಕೀ ಕೈಗೆತ್ತಿಕೊಂಡೇ ಫೋನ್ ತೆಗೆದೆ.

"ಏನಾಯ್ತು ಅಕ್ಕ?"

"ಏನೂ ಆಗಿಲ್ಲ ಕಣಮ್ಮ. ಕರೆಂಟ್ ಹೋಗಿ ಬಂತು, ಇದು ನಿಲ್ಲಲಿಲ್ಲ. ಹೇಳಾಣ ಅಂತ ಮಾಡ್ದೆ."

ನಮ್ಮ ಕೆಲಸದಲ್ಲಿ ಏನಾದರೂ ಕೆಟ್ಟರೆ ಮಾತ್ರ ಫೋನ್ ಬರುತ್ತದೆ. ಏನೂ ಕೆಟ್ಟಿಲ್ಲ ಎಂದು ಹೇಳುವುದಕ್ಕೇ ನನಗೆ ಫೋನ್ ಮಾಡಿದವರು ಇವತ್ತಿನವರೆಗೂ ಅವರೊಬ್ಬರೇ.