ಬಾಟಲಿ ಹಿಂಡದ ಯಲ್ಲಕ್ಕ

ಯಲ್ಲಕ್ಕ ಹಂದಿಯ ಬೆನ್ನ ಮೇಲೆ ಹಿಂದುಮುಂದಾಗಿ ಕೂರುತ್ತಿದ್ದಳು. ಹಂದಿಯ ಮುಖ ಬಾಗಿಲ ಕಡೆಗಿದ್ದರೆ ಇವಳ ಮುಖ ಗೋಡೆಯ ಕಡೆಗೆ. ಮೈಮೇಲೆ ಫಾರ್ಮಿನವರು ಕೊಟ್ಟ ಪ್ಯಾಂಟು ಶರಟು, ಕಾಲಿಗೆ ಗಂಬೂಟು, ಹಣೆಯಲ್ಲಿ ರೂಪಾಯಿಯಗಲದ ಕುಂಕುಮ. ಕೈಯಲ್ಲಿ ಗಂಡುಹಂದಿಯ ಬೀಜದ ಬಾಟಲಿ. ಅದರಿಂದ ಹೊರಟ ಸಣ್ಣ ಪೈಪು ಹಂದಿಯ ಗರ್ಭಕ್ಕೆ ಹೋಗಿದೆ. ಬಾಟಲಿಯನ್ನು ಆರತಿ ತಟ್ಟೆಯ ಹಾಗೆ ಎತ್ತಿ ಹಿಡಿದು ಸುಮ್ಮನೆ ಕೂತಿದ್ದಾಳೆ. ಕೆಳಗೆ ಅಷ್ಟು ದೊಡ್ಡ ಪ್ರಾಣಿ ಕಿವಿ ನೆಟ್ಟಗೆ ಮಾಡಿಕೊಂಡು ಅಲುಗಾಡದೆ ನಿಂತಿದೆ. ಮೊದಲ ದಿನ ಇದನ್ನು ನೋಡಿದವ ನಾನು ಹೊರಗೆ ಓಡಿ, ಗೋಡೆ ಹಿಡಿದು ನಕ್ಕಿದ್ದೆ. ಆಮೇಲಾಮೇಲೆ ಆ ನಗು ಎಲ್ಲಿ ಹೋಯಿತೋ ಗೊತ್ತಿಲ್ಲ. ಅವಳು ಹಾಗೆ ಕೂತಿರುವಾಗ ಇಡೀ ಶೆಡ್ಡಿನಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ.

ನಾನು ಕುಂದಾಪುರದ ಕಡೆಯವ. ಬಾಂದ್ರಾದ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದೆ. ಹೋಟೆಲು ಮುಚ್ಚಿತು. ಗುರುತಿನವರೊಬ್ಬರು ಕಲ್ಯಾಣದಾಚೆಯ ಈ ಹಂದಿ ಫಾರ್ಮಿಗೆ ಸೇರಿಸಿದರು. ಊರಿನಲ್ಲಿ ಅಮ್ಮನಿಗೆ ಫೀಡ್ ಕಂಪನಿ ಅಂತ ಹೇಳಿದ್ದೇನೆ. ಅದರಲ್ಲಿ ಸುಳ್ಳೇನೂ ಇಲ್ಲ ಮಾರಾಯ್ರೆ, ಫೀಡ್ ಹಾಕುವುದು ನನ್ನದೇ ಕೆಲಸ. ಇನ್ನೊಂದು ಕೆಲಸ ಸೇಠನನ್ನು ವಾಕಿಂಗಿಗೆ ಕರೆದುಕೊಂಡು ಹೋಗುವುದು. ಸೇಠ್ ಅಂದರೆ ನಮ್ಮ ಗಂಡುಹಂದಿ. ಬೆಳಿಗ್ಗೆ ಅವನನ್ನು ಹೆಣ್ಣುಹಂದಿಗಳ ಸಾಲಿನ ಮುಂದೆ ನಿಧಾನವಾಗಿ ನಡೆಸಬೇಕು. ಅವನ ವಾಸನೆ ಹೊಡೆದಾಗ ಯಾವುದು ಬೆದೆಗೆ ಬಂದಿದೆಯೋ ಅದು ನಿಂತಲ್ಲೇ ಕಂಬವಾಗುತ್ತದೆ. ಹಿಂದಿನಿಂದ ಯಲ್ಲಕ್ಕ ಒಂದೊಂದರ ಬೆನ್ನು ಒತ್ತಿ ನೋಡಿಕೊಂಡು ಬರುತ್ತಾಳೆ. ನಮ್ಮಲ್ಲಿ ಬ್ರೀಡಿಂಗ್ ಟೆಕ್ನೀಶಿಯನ್ ಅಂತ ಇದ್ದವಳು ಅವಳೇ. ಮೊದಮೊದಲು ನಾನು ಅವಳನ್ನು ‘ನೀವು, ತಾವು’ ಅನ್ನುತ್ತಿದ್ದೆ. ‘ಅಕ್ಕಾ ಅನ್ನು, ಸಾಕು’ ಅಂತ ಅವಳೇ ಬಿಡಿಸಿದಳು.

ಬಾಟಲಿ ಹಿಂಡುವುದೆಂದರೆ ಅವಳಿಗೆ ಮೈ ಉರಿಯುತ್ತಿತ್ತು. ಮೆತ್ತಗಿನ ಪ್ಲಾಸ್ಟಿಕ್ಕು ಅದು, ಒಮ್ಮೆ ಒತ್ತಿದರೆ ಖಾಲಿ. ಕೆಲಸ ಮುಗಿಯಿತು, ಹೋಗಿ ಚಾ ಕುಡಿಯಬಹುದು. ಹೋಟೆಲಿನಲ್ಲಿ ಓಡಿ ಓಡಿ ಬೆಳೆದವ ನಾನು, ನಿಧಾನ ಕಂಡರೆ ಆಗದು. ಸ್ವಲ್ಪ ಒತ್ತಿದರೆ ಏನು ಗಂಟು ಹೋಗುತ್ತದೆ ಅಂತ ಒಂದು ದಿನ ಕೇಳಿಯೇಬಿಟ್ಟೆ.

“ನಾವ್ ಕೊಡೂದಲ್ಲೋ ತಮ್ಮಾ, ಅದು ತಗೊಳ್ಳೂದು,” ಅಂದಳು. “ಹಿಂಡಿದ್ರ ಹಿಂದಕ್ಕ ಬಂದು ನೆಲಕ್ಕ ಬೀಳತೈತಿ. ತಡಿ. ಅದಕ್ಕ ಬೇಕಾದಾಗ ತಾನ ಎಳಕೋತೈತಿ.”

ಕೂತಳು. ಸೊಂಟದಿಂದ ಹಂದಿಯ ಬೆನ್ನನ್ನು ಮೆಲ್ಲಗೆ ಅದುಮುತ್ತ, ಹಿಮ್ಮಡಿಯಿಂದ ಅದರ ಪಕ್ಕೆ ತಿಕ್ಕುತ್ತ ಕೂತೇ ಇದ್ದಳು. ಆಮೇಲೆ ಬಾಟಲಿಯೊಳಗೆ ಒಂದು ಗುಳ್ಳೆ ಎದ್ದಿತು. ಯಾರೂ ಮುಟ್ಟದೆ ಒಳಗಿದ್ದದ್ದು ತಾನಾಗಿ ಇಳಿಯತೊಡಗಿತು. “ಹಾಂ, ಕುಡೀವ್ವಾ,” ಅಂತ ಯಲ್ಲಕ್ಕ ಹಂದಿಗೆ ಹೇಳಿದಳು. ಅಷ್ಟು ವರ್ಷ ಗಿರಾಕಿಗಳಿಗೆ ಬಡಿಸಿದವ ನಾನು, ಒಬ್ಬರು ತಿನ್ನುವುದನ್ನು ಅವಳು ನೋಡುವ ಹಾಗೆ ಒಮ್ಮೆಯೂ ನೋಡಿರಲಿಲ್ಲ.

ಫಾರ್ಮಿಗೆ ಕಾಲಿಡಬೇಕಾದರೆ ಗೇಟಿನ ಹತ್ತಿರ ಸ್ನಾನ ಮಾಡಿ, ಅಲ್ಲಿಯ ಬಟ್ಟೆಯನ್ನೇ ತೊಡಬೇಕು. ಬೇರೆ ಹಂದಿಗಳಿರುವ ಮನೆಗೆ ಹೋಗಬಾರದು. ಹಂದಿಗಳನ್ನೇ ಕೊಲ್ಲುವ ಹಂದಿಜ್ವರ ಹಾಗೆಯೇ ಬರುತ್ತದೆ: ಚಪ್ಪಲಿಯಲ್ಲಿ, ಬಟ್ಟೆಯಲ್ಲಿ, ಡಬ್ಬಿಯ ತಳದಲ್ಲಿ. ಬಂದರೆ ಔಷಧವಿಲ್ಲ, ಇಡೀ ಹಿಂಡು ಮಣ್ಣಿಗೆ. ಯಲ್ಲಕ್ಕ ಮೊದಲಿದ್ದ ಫಾರ್ಮಿನಲ್ಲಿ ಅದನ್ನು ಕಣ್ಣಾರೆ ನೋಡಿದ್ದಳು. ತಾನು ಹುಟ್ಟಿಸಿದವನ್ನೆಲ್ಲ ತಾನೇ ನಿಂತು ಹೂಳಿಸಿದೆ ಅಂತ ಲೋಕಲ್ ಟ್ರೇನಿನಲ್ಲಿ ಒಮ್ಮೆ ಹೇಳಿದ್ದಳು.

ಕಷ್ಟ ಏನೆಂದರೆ ಅವಳ ಅಣ್ಣ ಹಣಮಂತಣ್ಣನೂ ಹಂದಿ ಸಾಕುತ್ತಿದ್ದ. ಬಾಗಲಕೋಟೆ ಕಡೆಯಿಂದ ಅಣ್ಣತಂಗಿ ಒಟ್ಟಿಗೇ ಬಂದವರು. ಅಣ್ಣ ಭಾಂಡುಪಿನ ಗುಡ್ಡದ ಮೇಲೆ ಜೋಪಡಿ ಹಾಕಿ ಊರ ಕಸುಬನ್ನೇ ಹಿಡಿದ. ತಂಗಿ ಗುಡ್ಡದ ಬುಡದ ಚಾಳಿನಲ್ಲಿ ರೂಮು ಮಾಡಿದಳು. ಬಾಗಿಲಲ್ಲಿ ನಿಂತರೆ ಅವನ ಮನೆಯ ತಗಡು ಕಾಣುತ್ತದೆ. ಆದರೆ ಫಾರ್ಮಿಗೆ ಸೇರಿದ ದಿನದಿಂದ ಅವಳು ಆ ಗುಡ್ಡ ಹತ್ತಿರಲಿಲ್ಲ. ಅಣ್ಣನ ಮಗಳ ಮದುವೆಗೂ ಹೋಗಲಿಲ್ಲವಂತೆ.

ನಾನೂ ಭಾಂಡುಪಿನವನೇ ಆದ್ದರಿಂದ ದಿನವೂ ಇಬ್ಬರೂ ಒಂದೇ ಲೋಕಲ್ ಹಿಡಿಯುತ್ತಿದ್ದೆವು. ನಾಗರ ಪಂಚಮಿಯ ಬೆಳಿಗ್ಗೆ ಸ್ಟೇಷನ್ನಿನಲ್ಲಿ ನಾನು ಕಂಡದ್ದನ್ನು ಹೇಳಿದರೆ ನಂಬುತ್ತೀರೋ ಇಲ್ಲವೋ. ಅವರ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳು ತವರಿಗೆ ಹೋಗಿ ಉಂಡಿ ತಿನ್ನುವ ಹಬ್ಬ. ಇವಳು ತವರಿಗೆ ಹೋಗುವುದಿಲ್ಲ, ಹಾಗಾಗಿ ತವರೇ ಉಂಡಿಯ ಡಬ್ಬಿ ಹಿಡಿದು ಸ್ಟೇಷನ್ನಿಗೆ ಬರುತ್ತಿತ್ತು. ಅದೂ ಎದುರು ಪ್ಲಾಟ್‌ಫಾರ್ಮಿಗೆ! ಅಣ್ಣ ಆಚೆ, ತಂಗಿ ಈಚೆ, ನಡುವೆ ಹಳಿ. ಮಕ್ಕಳು ಹೇಗಿದ್ದಾರೆ, ಮಂಡಿನೋವು ಹೇಗಿದೆ ಅಂತ ಇಬ್ಬರೂ ಕೂಗಿ ಕೂಗಿ ಮಾತಾಡುತ್ತಾರೆ. ಜನ ನಗುತ್ತಾರೆ. ಇಷ್ಟೆಲ್ಲ ಮಾಡಿ ಅಂತ ಮಾಲೀಕರೇನೂ ಹೇಳಿರಲಿಲ್ಲ. ಹಂದಿಯ ಮನೆಗೆ ಹೋಗಬೇಡಿ ಎಂದಿದ್ದರು, ಅಷ್ಟೇ. ಹಳಿಯ ಕಾಯಿದೆ ಇವಳೇ ಮಾಡಿಕೊಂಡದ್ದು.

“ವರ್ಷಕ್ಕೊಂದು ಹಬ್ಬ, ತವರಮನಿ ಉಂಡಿ ಮುಟ್ಟಂಗಿಲ್ಲ ಅಂದ್ರ ಅದೆಂಥಾ ನೌಕ್ರಿ ಯವ್ವಾ?” ಅಂದ ಹಣಮಂತಣ್ಣ. “ನನಗಿಂತ ಆ ಹಂದಿ ಹೆಚ್ಚಾದ್ವೇನ ನಿನಗ?”

ಯಲ್ಲಕ್ಕ ಬಂದ ಲೋಕಲ್ ಹತ್ತಿದಳು. ಲೋಕಲ್ಲಿನಲ್ಲಿ ಕೂತ ಮೇಲೆ ಮುಖಕ್ಕೆ ಸೆರಗು ಹಿಡಿದಳು. ಕಲ್ಯಾಣದವರೆಗೂ ತೆಗೆಯಲಿಲ್ಲ. ನನಗೆ ಅವಳ ಮೇಲೆ ಕೋಪವೇ ಬಂದಿತ್ತು. ಒಂದು ಉಂಡಿ ತಿಂದರೆ ಏನು ಪ್ರಳಯವಾಗುತ್ತಿತ್ತು ಅನಿಸಿತು.

ಮುಂದಿನ ಬೇಸಿಗೆಯಲ್ಲಿ ಅಣ್ಣನ ಫೋನು ಬಂತು. ನಾವು ಊಟಕ್ಕೆ ಕೂತಿದ್ದೆವು. ಅವನ ಹಂದಿಗಳು ಮೇವು ಬಿಟ್ಟಿದ್ದವು, ಕಿವಿಯೆಲ್ಲ ಕೆಂಪಾಗಿತ್ತು, ಎರಡು ಆಗಲೇ ಸತ್ತಿದ್ದವು. ಉಳಿದವನ್ನು ಸಂಜೆ ಒಬ್ಬ ವ್ಯಾಪಾರಿ ಟೆಂಪೊ ತಂದು ಒಯ್ಯುತ್ತಾನೆ, ಬಂದಷ್ಟು ಬರಲಿ, ಅಂದ. ಯಲ್ಲಕ್ಕನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ಮಾರಬೇಡ ಅಣ್ಣಾ, ಆ ಟೆಂಪೊ ಹೋದಲ್ಲೆಲ್ಲ ಸಾವು ಹೋಗುತ್ತದೆ, ಇದ್ದವನ್ನೂ ಹೂಳಿಬಿಡು ಅಂತ ಬೇಡಿಕೊಂಡಳು. ಅವನ ಉತ್ತರ ನನಗೂ ಕೇಳುವಷ್ಟು ಜೋರಾಗಿತ್ತು.

“ಇಷ್ಟು ವರ್ಷ ನನ್ನ ಹೊಸ್ತಿಲಾ ತುಳಿದಾಕಿ ಅಲ್ಲ, ಫೋನಿನಾಗ ಹೇಳ್ತೀಯಾ? ಬಂದು ನನ್ನ ಅಂಗಳದಾಗ ನಿಂತು ಹೇಳು.”

ಅವಳು ಫೋನು ಕೆಳಗಿಟ್ಟಳು. “ಹೋಗಬೇಕು,” ಅಂದಳು. “ಅಲ್ಲಿ ಕಾಲಿಟ್ಟ ಮ್ಯಾಲೆ ಇಲ್ಲಿ ಕಾಲಿಡಾಕ ಬರಂಗಿಲ್ಲ, ತಮ್ಮಾ.” ಈಗಲೇ ಹೊರಡುತ್ತಾಳೆ ಅಂದುಕೊಂಡೆ. ಇಲ್ಲ. ಬೆದೆಗೆ ಬಂದು ಬೆಳಿಗ್ಗೆ ನಿಂತ ಹಂದಿಗಳು ಕಾಯುತ್ತಿದ್ದವು, ಅವುಗಳ ಹೊತ್ತು ನಾಳೆಗೆ ಉಳಿಯುವುದಿಲ್ಲ. ಸೇಠನನ್ನು ಕರಕೊಂಡು ಬಾ ಅಂದಳು.

ಆ ಮಧ್ಯಾಹ್ನವನ್ನು ನಾನು ಸಾಯುವತನಕ ಮರೆಯಲಾರೆ. ಸಂಜೆಯ ಟೆಂಪೊ ನನ್ನ ತಲೆಯೊಳಗೆ ಗಡಗಡ ಓಡುತ್ತಿತ್ತು. ಅಣ್ಣ, ನೌಕರಿ, ಇಷ್ಟು ವರ್ಷ ಬೆಳೆಸಿದ ಹಿಂಡು, ಎಲ್ಲ ಅವಳ ಕೈಯಿಂದ ಜಾರುತ್ತಿದ್ದ ಹೊತ್ತು ಅದು. ಅವಳು ಮಾತ್ರ ಒಂದೊಂದರ ಮೇಲೆ ಹಿಂದುಮುಂದಾಗಿ ಕೂತಳು, ಬಾಟಲಿ ಎತ್ತಿ ಹಿಡಿದಳು, ಕಾದಳು. ಗುಳ್ಳೆ ಎದ್ದಿತು, ಇಳಿಯಿತು. ಬೆರಳು ಒಮ್ಮೆಯೂ ಬಿಗಿಯಾಗಲಿಲ್ಲ. ಕೆನ್ನೆಯ ಮೇಲೆ ನೀರು ಹರಿಯುತ್ತಲೇ ಇತ್ತು, ಅದನ್ನು ಒರೆಸಿಕೊಳ್ಳಲೂ ಇಲ್ಲ. ಹಿಂಡು ಅಕ್ಕಾ, ಇವತ್ತೊಂದು ದಿನ ಹಿಂಡಿಬಿಡು ಅಂತ ನನ್ನ ಬಾಯಿತನಕ ಬಂದಿತ್ತು. ಹೇಳುವ ಧೈರ್ಯವಾಗಲಿಲ್ಲ. ಕೊನೆಯದು ಮುಗಿದ ಮೇಲೆ ಸ್ನಾನ ಮಾಡಿ, ಫಾರ್ಮಿನ ಬಟ್ಟೆ ಮಡಿಸಿಟ್ಟು, ಗಂಬೂಟು ತೊಳೆದು ಕವುಚಿ ಹಾಕಿ, ಸೇಠನ ಹಣೆ ತುರಿಸಿ ಹೊರಟಳು.

ಮುಂದಿನದ್ದು ಅವಳು ಫೋನಿನಲ್ಲಿ ಹೇಳಿದ್ದು. ಗುಡ್ಡ ಹತ್ತಿದಾಗ ಟೆಂಪೊ ಬಂದು ನಿಂತಿತ್ತಂತೆ. ಅವಳು ಹೋಗಿ ಅಂಗಳದಲ್ಲಿ ನಿಂತಳು. ಹೊಸ್ತಿಲು ದಾಟಿ ಒಳಗೆ ಹೋಗಿ ನೀರು ಕೇಳಿ ಕುಡಿದಳು. ಹಣಮಂತಣ್ಣ ಅವಳ ಮುಖವನ್ನೇ ನೋಡಿದ. ಇವಳು ಏನು ಬಿಟ್ಟು ಬಂದಿದ್ದಾಳೆ ಅಂತ ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಟೆಂಪೊದವನನ್ನು ತಾನೇ ವಾಪಸು ಕಳಿಸಿದ. ಮುನಿಸಿಪಾಲಿಟಿಯವರು ಬಂದರು, ಗುಂಡಿ ತೋಡಿದರು, ಸುಣ್ಣ ಸುರಿದರು. ಅಣ್ಣತಂಗಿ ಇಬ್ಬರೂ ಗುಂಡಿಯ ಪಕ್ಕದಲ್ಲಿ ಕೂತು ಅತ್ತರಂತೆ. ಜ್ವರ ಆ ಗುಡ್ಡದಿಂದ ಕೆಳಗೆ ಇಳಿಯಲಿಲ್ಲ. ನಮ್ಮ ಫಾರ್ಮಿಗೂ ಬರಲಿಲ್ಲ.

ಯಲ್ಲಕ್ಕ ಅಣ್ಣನ ಮನೆಯಲ್ಲೇ ಉಳಿದಳು. ಇಬ್ಬರೂ ಸೇರಿ ಕೈಗಾಡಿಯಲ್ಲಿ ತರಕಾರಿ ಮಾರುತ್ತಾರೆಂದು ಕೇಳಿದೆ. ಸಾಕಷ್ಟು ದಿನ ಕಳೆದ ಮೇಲೆ ಮಾಲೀಕರು ಅವಳನ್ನು ಕರೆದುಕೊಂಡು ಬಾ ಅಂತ ನನಗೆ ಹೇಳಿದರು. ಫೋನು ಮಾಡಿದೆ. ಪಂಚಮಿಯ ದಿನ ಸ್ಟೇಷನ್ನಿಗೆ ಬರುತ್ತೇನೆ, ಅಲ್ಲೇ ಮಾತಾಡೋಣ ಅಂದಳು.

ಹೋದೆ. ಎದುರು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಅಣ್ಣತಂಗಿ ಇಬ್ಬರೂ ಕೂತಿದ್ದರು. ನಡುವೆ ಉಂಡಿಯ ಡಬ್ಬಿ. ನಾನು ಖುಷಿಯಲ್ಲಿ ಸೇತುವೆ ಹತ್ತಲು ಓಡಿದೆ. ಅವಳು ಎದ್ದು ಕೈ ಎತ್ತಿದಳು, ಸೇಠನನ್ನು ತಡೆಯುವ ಹಾಗೆಯೇ. ನಿಂತೆ.

“ಆವತ್ತಿನವು ಏನಾದ್ವು?” ಅಂತ ಅಲ್ಲಿಂದ ಕೂಗಿದಳು.

ಒಂದು ಬಿಟ್ಟು ಎಲ್ಲ ಮರಿ ಹಾಕಿವೆ ಅಕ್ಕಾ ಅಂತ ಕೂಗಿದೆ. ಬಿಟ್ಟದ್ದು ಕಿವಿ ಹರಿದದ್ದಾ ಅಂದಳು. ಹೌದು ಅಂದೆ. ಅದು ಪೂರ್ತಿ ನಿಂತಿರಲಿಲ್ಲ, ನನಗೇ ಅನುಮಾನವಿತ್ತು ಅಂದಳು. ತನ್ನ ಜಾಗಕ್ಕೆ ಬಂದಿರುವ ಹುಡುಗಿ ಬಾಟಲಿ ಹಿಂಡುತ್ತಾಳಾ ಅಂತ ಕೇಳಿದಳು. ನಾನು ಪಕ್ಕದಲ್ಲೇ ನಿಂತಿರುತ್ತೇನೆ, ಹಿಂಡಲು ಬಿಡುವುದಿಲ್ಲ ಅಂದೆ. ಜನ ನಗುತ್ತಿದ್ದರು, ನನಗೆ ನಾಚಿಕೆ ಅನಿಸಲಿಲ್ಲ. ಮಾಲೀಕರು ಕರೆಯುತ್ತಿದ್ದಾರೆ, ಬಾ ಅಕ್ಕಾ ಅಂದೆ. ಅವಳು ಇಲ್ಲವೆಂದು ತಲೆಯಾಡಿಸಿದಳು.

“ಆ ಗುಂಡಿ ಮಣ್ಣ ದಿನಾ ತುಳಿತೀನಿ. ಓಣ್ಯಾಗ ಮತ್ತ ಹಂದಿ ತಂದಾರ. ನನ್ನ ಕಾಲ ನಾನ ನಂಬಂಗಿಲ್ಲ,” ಅಂದಳು. ನಾನು ಮತ್ತೆ ಸೇತುವೆಯ ಕಡೆ ಒಂದು ಹೆಜ್ಜೆ ಇಟ್ಟಿರಬೇಕು. ಅವಳ ಕೈ ಮತ್ತೆ ಮೇಲೆ ಹೋಯಿತು.

“ಇಷ್ಟು ವರ್ಷ ನನ್ನ ಅಣ್ಣ ನಿಂತಾನ, ತಮ್ಮಾ. ಇನ್ನ ನೀ ನಿಂದ್ರು.”

ಅವಳು ಕೂತು ಡಬ್ಬಿಯಿಂದ ಒಂದು ಉಂಡಿ ತೆಗೆದುಕೊಂಡಳು. ಅವಸರವಿಲ್ಲದೆ ತಿನ್ನತೊಡಗಿದಳು. ಹಣಮಂತಣ್ಣ ತಿನ್ನುತ್ತಿರಲಿಲ್ಲ, ತಂಗಿ ತಿನ್ನುವುದನ್ನೇ ನೋಡುತ್ತಿದ್ದ. ನನ್ನ ಲೋಕಲ್ ಬಂದು ನಿಂತು ಹೋಯಿತು. ನಾನು ಹತ್ತಲಿಲ್ಲ. ಅವಳು ಉಂಡಿ ತಿಂದು ಮುಗಿಸುವವರೆಗೂ ಈಚೆಯೇ ನಿಂತಿದ್ದೆ.