ಕುದುರೆಬೆನ್ನಿನ ಎರಡನೇ ಸಾಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೆಪ್ಪುಗಟ್ಟಿದ ಗ್ರೂವಾಟ್ನ್ ಕೆರೆಯ ಮೇಲೆ ಗುನ್ವೋರ್ ಸ್ಟೂಲೆನ್ ಮೊಣಕಾಲೂರಿ ಕೂತು ಬೈರಿಗೆ ತಿರುಗಿಸುತ್ತಿದ್ದಾರೆ. ಮಂಜುಗಡ್ಡೆಯ ಪುಡಿ ತೂತಿನ ಸುತ್ತ ಗುಡ್ಡೆಯಾಗುತ್ತಿದೆ. ಒಂದು ಗೇಣು ಇಳಿಯುವಷ್ಟರಲ್ಲಿ ಬೈರಿಗೆ ಸರಕ್ಕನೆ ಒಳಗೆ ಜಾರುತ್ತದೆ, ಬೂದು ಬಣ್ಣದ ನೀರು ಮೇಲಕ್ಕೆ ಉಕ್ಕುತ್ತದೆ. ಅವರು ಇನ್ನೂ ಒತ್ತುತ್ತಾರೆ. ಕೆಳಗೆ ಮತ್ತೊಂದು ಪದರ ತಾಗುತ್ತದೆ, ಅದೂ ತೆಳ್ಳಗಿದೆ.

"ನೋಡು ಎಗಿಲ್, ಎರಡು ಪದರ, ಮಧ್ಯೆ ನೀರು. ಮೇಲಿಂದ ನೋಡಿದ್ರೆ ಚರ್ಚಿನ ನೆಲ ಇದ್ದಂಗಿದೆ. ಇಲ್ಲಿ ಕಡ್ಡಿ ನೆಡೋದು ಬೇಡ."

ಎಗಿಲ್ ಅವರ ನೆರೆಮನೆಯವರು, ಎರಡನೇ ಹಿಮ ಸ್ಕೂಟರಿನ ಸವಾರ, ಜಗಳಕ್ಕೆ ಜೊತೆಗಾರ. ತಮ್ಮ ಸ್ಕೂಟರಿನ ಹಿಂದೆ ಕಟ್ಟಿದ ಜಾರುಗಾಡಿಯಲ್ಲಿ ಬರ್ಚ್ ಮರದ ರೆಂಬೆಗಳನ್ನು ಕಟ್ಟುಕಟ್ಟಾಗಿ ಪೇರಿಸಿಕೊಂಡು ಬಂದಿದ್ದಾರೆ.

"ವಾರವಿಡೀ ಕಡ್ಡಿ ಕಡಿಸ್ದೆ, ಸೊಂಟ ಬಿದ್ದುಹೋಯ್ತು. ಈಗ ಬೇಡ ಅಂತೀಯಾ?"

"ಕೆರೆಗೆ ಬೇಡ ಅಂದೆ."

"ಮತ್ತೆ ಎಲ್ಲಿ ನೆಡೋದು, ನನ್ನ ಗೋರಿ ಮೇಲಾ?"

"ನಿನ್ನ ಗೋರಿಗೆ ಒಂದು ಸಾಕು. ಮಿಕ್ಕಿದ್ದು ಕುದುರೆಬೆನ್ನಿಗೆ."

ಎಗಿಲ್ ನಗುವುದಿಲ್ಲ. ಕುದುರೆಬೆನ್ನು ಕೆರೆಯ ಪಕ್ಕದಲ್ಲೇ ಎದ್ದಿರುವ ಉದ್ದನೆಯ ಬೋಳು ದಿಣ್ಣೆ. ಕೆರೆಯ ಮೇಲೆ ಹೋದರೆ ಆಚೆ ದಡದ ಕುಟೀರಗಳು ಸಮತಟ್ಟು ದಾರಿಯಲ್ಲಿ ಬೇಗ ಸಿಗುತ್ತವೆ. ದಿಣ್ಣೆಯ ಮೇಲಾದರೆ ಏರು, ಗಾಳಿ, ದುಪ್ಪಟ್ಟು ದೂರ.

ಕಡ್ಡಿ ಎಂದು ಇಲ್ಲಿ ಎಲ್ಲರೂ ಕರೆಯುವುದು ಈ ಆಳೆತ್ತರದ ರೆಂಬೆಗಳನ್ನೇ. ಈಸ್ಟರ್ ರಜೆಗೆ ಮುಂಚೆ ಸ್ಕೀ ದಾರಿಗಳ ಉದ್ದಕ್ಕೂ ಇವನ್ನು ಒಂದೇ ಸಾಲಾಗಿ ಹಿಮದಲ್ಲಿ ನೆಡುತ್ತಾರೆ. ನೆಲ ಯಾವುದು, ಆಕಾಶ ಯಾವುದು ಗೊತ್ತಾಗದ ಹೊತ್ತಿನಲ್ಲಿ ಜನ ಒಂದು ಕಡ್ಡಿಯಿಂದ ಇನ್ನೊಂದು ಕಡ್ಡಿ ಹಿಡಿದು ಮನೆ ಸೇರುತ್ತಾರೆ. ಹಬ್ಬ ಮುಗಿದ ಕೂಡಲೇ ಅಷ್ಟನ್ನೂ ಕಿತ್ತು ತರಬೇಕು, ಏಕೆಂದರೆ ವಸಂತದ ಬಿಸಿಲಿಗೆ ತೊರೆಗಳು ಬಾಯಿ ಬಿಡುತ್ತವೆ. ಕಡ್ಡಿ ನಿಂತಿದೆ ಅಂದರೆ ದಾರಿ ಇದೆ ಅಂತಲೇ ಇಲ್ಲಿನವರ ಲೆಕ್ಕ. ನಮ್ಮ ಜನ ಸರ್ಕಾರವನ್ನು ಅನುಮಾನಿಸುತ್ತಾರೆ, ಹವಾಮಾನ ವರದಿಯನ್ನು ಗೇಲಿ ಮಾಡುತ್ತಾರೆ, ಕಡ್ಡಿಯನ್ನು ಮಾತ್ರ ಕಣ್ಣುಮುಚ್ಚಿ ನಂಬುತ್ತಾರೆ. ಅದನ್ನು ನೆಟ್ಟವರು ಯಾರು ಅಂತ ಕೇಳಿ ನೋಡಿ, ಯಾರಿಗೂ ಗೊತ್ತಿರುವುದಿಲ್ಲ. ತಾನಾಗಿ ಬೆಳೆದಿದೆ ಅಂದುಕೊಂಡವರೂ ಇದ್ದಾರು.

ಗುನ್ವೋರ್‌ಗೆ ಅರವತ್ತು ದಾಟಿದೆ. ಬೇಸಿಗೆಯಲ್ಲಿ ಕುರಿ ಸಾಕುತ್ತಾರೆ, ಚಳಿಗಾಲದಲ್ಲಿ ಬೆಳಗಿನ ಹೊತ್ತು ಶಾಲೆಯ ನೆಲ ಒರೆಸುತ್ತಾರೆ. ಕಡ್ಡಿ ನೆಡುವುದು ಮೊದಲು ಗಂಡನ ಕೆಲಸವಾಗಿತ್ತು. ಅವರು ಎದೆನೋವಿನಿಂದ ತೀರಿಕೊಂಡಾಗ ಊರಿನ ಪರ್ವತ ಕ್ಲಬ್ಬಿನವರು ಹೂಗುಚ್ಛ ಕಳಿಸಿದರು, ಹಾಗೇ ಗಾಡಿ ಎಲ್ಲಿಟ್ಟಿದ್ದೀರಿ ಅಂತಲೂ ವಿಚಾರಿಸಿದರು. "ಹೂವು ಬಾಡೋ ಮುಂಚೆ ನಾನೇ ಗಾಡಿ ಕಟ್ಕೊಂಡು ಹೊರಟೆ. ಮನೇಲಿ ಕೂತು ಅಳೋದಕ್ಕಿಂತ ಅದೇ ವಾಸಿ ಅನ್ನಿಸ್ತು," ಎನ್ನುತ್ತಾರೆ. ಅಲ್ಲಿಂದ ಇಪ್ಪತ್ತು ಚಳಿಗಾಲ ಕಳೆದಿವೆ. ಪ್ರತಿ ವರ್ಷ ಸುಮಾರು ನಲವತ್ತು ಕಿಲೋಮೀಟರ್ ದಾರಿ, ಹತ್ತಿಪ್ಪತ್ತು ಹೆಜ್ಜೆಗೊಂದು ಕಡ್ಡಿ. ಎಡಗೈಯ ಎರಡು ಬೆರಳ ತುದಿಗಳನ್ನು ಚಳಿ ತಿಂದಿದೆ. ಅದರ ಬಗ್ಗೆ ಕೇಳಿದರೆ, "ಉಂಗುರ ಹಾಕೋ ಬೆರಳು ನೆಟ್ಟಗಿದೆಯಲ್ಲ, ಇನ್ನೇನು?" ಅಂತ ಮಾತು ಮುಗಿಸುತ್ತಾರೆ.

ಫೋನ್ ಬಡಿದುಕೊಳ್ಳುತ್ತದೆ. ಬಿರ್ಗರ್, ಈಚೆ ದಡದ ವಸತಿಗೃಹದ ಮಾಲೀಕ. ಗುನ್ವೋರ್ ಕೈಗವಸು ಬಿಚ್ಚದೆ ಫೋನನ್ನು ಗಾಡಿಯ ಮೇಲಿಟ್ಟು ಜೋರಾಗಿ ಕೇಳಿಸುವಂತೆ ಮಾಡುತ್ತಾರೆ.

"ಗುನ್ವೋರ್, ಕೆರೆ ದಾರಿ ಶುರು ಆಯ್ತು ತಾನೆ?"

"ಇಲ್ಲ. ಕೆರೆ ಮೇಲೆ ಈ ಸಲ ದಾರಿ ಇಲ್ಲ."

"ಏನು ಮಾತು ಅಂತ ಆಡ್ತೀಯಾ! ನಾಳೆ ರಜೆಗೆ ಮನೆ ತುಂಬ ಜನ. ಕುದುರೆಬೆನ್ನು ಹತ್ತು ಅಂದ್ರೆ ಅರ್ಧ ಜನ ಕಾರು ತಿರುಗಿಸ್ಕೊಂಡು ಹೋಗ್ತಾರೆ."

"ಹೋಗ್ಲಿ. ಬದುಕಿರೋರು ಇನ್ನೊಂದ್ಸಲ ಬರ್ತಾರೆ."

ಬಿರ್ಗರ್ ದನಿ ತಗ್ಗಿಸಿ, "ಟೂರುನ್ ಬರ್ತಿದ್ದಾಳೆ ನಾಳೆ. ಆಚೆ ಕುಟೀರಕ್ಕೆ, ಮಗಳನ್ನೂ ಕರ್ಕೊಂಡು. ಹತ್ತು ವರ್ಷದ ಕೂಸನ್ನ ಆ ಗಾಳಿಗೆ ಹತ್ತಿಸ್ತೀಯಾ? ಅವ್ಳಿಗೆ ನೀನು ಕೊಟ್ಟಿದ್ದು ಸಾಲದಾ?" ಎನ್ನುತ್ತಾರೆ.

ಗುನ್ವೋರ್ ಫೋನ್ ಆರಿಸುತ್ತಾರೆ. ಎಗಿಲ್ ಬಾಯಿಗೆ ಬಂದಂತೆ ಬಿರ್ಗರನನ್ನು ಬೈಯುತ್ತಾರೆ. ಗುನ್ವೋರ್ ಬಗ್ಗೆ ಬರೆಯಲೆಂದು ಜೊತೆಗೆ ಬಂದಿರುವ ನಾನೂ ಮನಸ್ಸಿನಲ್ಲೇ ಎರಡು ಬೈಗುಳ ಸೇರಿಸುತ್ತೇನೆ. ಗುನ್ವೋರ್ ಬೈರಿಗೆಯನ್ನು ಒರೆಸಿ ಗಾಡಿಗೆ ಕಟ್ಟುತ್ತಾರೆ.

ಕಳೆದ ವರ್ಷದ ಸಂಗತಿ ಇಲ್ಲಿ ಎಲ್ಲರಿಗೂ ಗೊತ್ತು, ಯಾರೂ ಅವರೆದುರು ಎತ್ತುವುದಿಲ್ಲ. ನಾನು ಕೇಳಲೇಬೇಕಾಯಿತು. ಅವರು ಫ್ಲಾಸ್ಕಿನ ಕಾಫಿ ಬಗ್ಗಿಸಿಕೊಳ್ಳುತ್ತ ಹೇಳಿದರು.

ಈಸ್ಟರ್ ಮುಗಿದಿತ್ತು. ಟೂರುನ್ ಮತ್ತು ಮಗಳು ಶಾಲೆಗೆ ಹೊತ್ತಾಯಿತೆಂದು ಮೊದಲೇ ಊರಿಗೆ ಮರಳಿದ್ದರು. ಗಂಡ ಸ್ಟೈನಾರ್ ಕುಟೀರಕ್ಕೆ ಬೀಗ ಹಾಕಿ ಬರಲು ಹಿಂದೆ ಉಳಿದಿದ್ದರು. ಮಾರನೆಯ ದಿನ ಗುನ್ವೋರ್ ಮತ್ತು ಎಗಿಲ್ ಕೆರೆಯ ಕಡ್ಡಿ ಕೀಳಲು ಹೊರಟರು. ಊರ ಕಡೆಯಿಂದ ಶುರು ಮಾಡಿ ಆಚೆ ದಡಕ್ಕೆ ಕೀಳುತ್ತ ಹೋಗುವುದು ಇಲ್ಲಿನ ವಾಡಿಕೆ. ಗುನ್ವೋರ್ ಅವರ ಗಂಡನೂ ಹಾಗೇ ಮಾಡುತ್ತಿದ್ದರು, ಅವರ ಅಪ್ಪನೂ. ಅರ್ಧ ದಾರಿಯಲ್ಲಿ, ಪಕ್ಕದಿಂದ ತೊರೆಯೊಂದು ಬಂದು ಕೆರೆಗೆ ಸೇರುವ ಕಡೆ ಮಂಜುಗಡ್ಡೆ ಯಾವಾಗಲೂ ಅರೆಬರೆ, ಆದ್ದರಿಂದ ಸಾಲು ಅಲ್ಲಿ ದೊಡ್ಡದಾಗಿ ಬಳಸಿಕೊಂಡು ಹೋಗುತ್ತಿತ್ತು. ಆ ತಿರುವಿನ ಕಡ್ಡಿಗಳನ್ನೆಲ್ಲ ಕಿತ್ತ ಹೊತ್ತಿಗೆ ಎಗಿಲ್‌ನ ಸ್ಕೂಟರಿನ ಬೆಲ್ಟ್ ತುಂಡಾಯಿತು. ಮಿಕ್ಕಿದ್ದನ್ನು ನಾಳೆ ನೋಡೋಣವೆಂದು ಇಬ್ಬರೂ ಒಂದೇ ಸ್ಕೂಟರಿನಲ್ಲಿ ವಾಪಸ್ಸಾದರು. ಮಧ್ಯಾಹ್ನಕ್ಕೆ ಮಂಜು ಕವಿಯಿತು.

"ಅರ್ಧ ಸಾಲು ಉಳೀತು. ಅದು ಆಚೆ ಕಡೆಯಿಂದ ಬರೋರಿಗೆ ಪೂರ್ತಿ ಸಾಲಿನ ಥರಾನೇ ಕಾಣ್ಸುತ್ತೆ ಅಂತ ನಮ್ಮಲ್ಲಿ ಒಬ್ರಿಗೂ ಹೊಳೀಲಿಲ್ಲ. ತಲೆಮಾರಿನಿಂದ ಒಬ್ರಿಗೂ ಹೊಳೆದಿಲ್ಲ."

ಸ್ಟೈನಾರ್ ಆ ಮಂಜಿನಲ್ಲಿ ಕಡ್ಡಿ ಹಿಡಿದು ಹೊರಟರು. ಕಡ್ಡಿಗಳು ಅವರನ್ನು ಕೆರೆಯ ನಡುವಿನವರೆಗೆ ಕರೆತಂದು, ತಿರುವು ಬರುವ ಮುಂಚೆ ಮುಗಿದುಹೋದವು. ಮುಂದಿನದು ಬಿದ್ದಿರಬೇಕು ಅಂದುಕೊಂಡು ಅವರು ನೇರ ನಡೆದರು. ಮಂಜು ಕರಗಿದ ಮೇಲೆ ತೊರೆಯ ಬಾಯಲ್ಲಿ ಒಂದು ಸ್ಕೀ ತೇಲುತ್ತಿದ್ದುದನ್ನು ಮೊದಲು ಕಂಡವರು ಗುನ್ವೋರ್ ಅವರೇ, ಉಳಿದ ಕಡ್ಡಿ ಕೀಳಲು ಹೋದಾಗ.

ವಿಚಾರಣೆ ನಡೆಯಿತು. ದಾರಿ ಮುಚ್ಚಿದೆಯೆಂದು ಮೊದಲೇ ಪ್ರಕಟಿಸಲಾಗಿತ್ತು, ಯಾರ ತಪ್ಪೂ ಇಲ್ಲ ಎಂದಾಯಿತು. ಆಚೆ ದಡದಲ್ಲಿ ಫೋನೇ ಸಿಗುವುದಿಲ್ಲ, ಪ್ರಕಟಣೆಯನ್ನು ಸ್ಟೈನಾರ್ ಎಲ್ಲಿ ಓದಬೇಕಿತ್ತೋ ನನಗಂತೂ ಅರ್ಥವಾಗಿಲ್ಲ. ಗುನ್ವೋರ್ ಸಂತಾಪ ಹೇಳಲು ಪಟ್ಟಣಕ್ಕೆ ಹೋದರು. ಟೂರುನ್ ಬಾಗಿಲು ತೆಗೆದು, ಇವರನ್ನು ನೋಡಿ, ಮತ್ತೆ ಹಾಕಿಕೊಂಡರು.

"ಸರಿಯಾಗೇ ಮಾಡಿದ್ಲು," ಎನ್ನುತ್ತಾರೆ ಗುನ್ವೋರ್. "ಕಾನೂನು ನನ್ನನ್ನ ಬಿಟ್ಟಿರಬಹುದು. ಕಡ್ಡಿ ನಂದು, ಕಿತ್ತಿದ್ದು ನಾನು."

ಇನ್ನು ಮುಂದೆ ಮೊದಲು ಎರಡೂ ದಡಗಳಲ್ಲಿ ಕಡ್ಡಿಗಳನ್ನು ಅಡ್ಡಡ್ಡ ಕಟ್ಟಿ ದಾರಿ ಮುಚ್ಚುವುದು, ಆಮೇಲೆ ಆಚೆ ತುದಿಯಿಂದ ಕೀಳುವುದು ಎಂದು ಅವರು ನಿಶ್ಚಯಿಸಿದ್ದಾರೆ. ಕ್ಲಬ್ಬಿನಲ್ಲಿ ಒಂದಿಬ್ಬರು ಇದಕ್ಕೆ ಗೊಣಗಿದರಂತೆ, ಪೆಟ್ರೋಲ್ ಹೆಚ್ಚು ಖರ್ಚಾಗುತ್ತದೆ ಅಂತ.

ಆ ಶುಕ್ರವಾರ ಇಡೀ ದಿನ ನಾವು ಕುದುರೆಬೆನ್ನಿನ ಮೇಲಿದ್ದೆವು. ಗುನ್ವೋರ್ ಕಬ್ಬಿಣದ ಸಲಾಕೆಯಿಂದ ತೂತು ಹೊಡೆಯುತ್ತಾರೆ, ಕಡ್ಡಿ ಇಳಿಸುತ್ತಾರೆ, ಬೂಟಿನಿಂದ ಹಿಮ ಒತ್ತುತ್ತಾರೆ, ಮುಂದಕ್ಕೆ ಹೋಗುತ್ತಾರೆ. ಗಾಳಿ ಎಡಗಡೆಯಿಂದ ಬಡಿಯುತ್ತದೆ. ಬಲಗಡೆ ಆ ಗಾಳಿಯೇ ಹಿಮವನ್ನು ತಂದು ದಿಣ್ಣೆಯ ಅಂಚಿನಿಂದಾಚೆಗೆ ಮನೆಯ ಸೂರಿನಂತೆ ಚಾಚಿ ಕಟ್ಟಿದೆ. ನೋಡಲು ಗಟ್ಟಿ ನೆಲ, ಕೆಳಗೆ ಬರೀ ಗಾಳಿ. ಸಾಲನ್ನು ಅವರು ಆ ಸೂರಿನಿಂದ ಸಾಕಷ್ಟು ಎಡಕ್ಕೇ ನೆಡುತ್ತಾರೆ. ಮಧ್ಯಾಹ್ನ ಬಂಡೆಯ ಮರೆಯಲ್ಲಿ ಬ್ರೆಡ್ಡು, ಕಂದು ಚೀಸು ತಿನ್ನುವಾಗ ಎಗಿಲ್ ಕೇಳಿದರು: "ನಾಳೆ ಅವ್ಳ ಎದುರಿಗೆ ನೀನ್ಯಾಕೆ ನಿಲ್ಲಬೇಕು? ನಾನು ಹೇಳ್ತೀನಿ ದಾರಿ."

"ಅವ್ಳು ಕೇಳ್ತಾಳೆ ಯಾರು ನೆಟ್ಟಿದ್ದು ಅಂತ. ಬೇರೆಯವ್ರ ಬಾಯಲ್ಲಿ ಗೊತ್ತಾಗೋದು ಬೇಡ."

ಶನಿವಾರ ಬೆಳಿಗ್ಗೆ ಟೂರುನ್ ಕಾರಿನಿಂದ ಇಳಿದಾಗ ಗುನ್ವೋರ್ ವಸತಿಗೃಹದ ಅಂಗಳದಲ್ಲೇ ನಿಂತಿದ್ದರು. ಬಿರ್ಗರ್ ಕಿಟಕಿಯ ಹಿಂದೆ ನಿಂತು ನೋಡುತ್ತಿದ್ದರು, ಹೊರಗೆ ಬರಲಿಲ್ಲ. ಮಗಳು ಇದುನ್ ತನ್ನ ಸ್ಕೀಗಳಿಗೆ ಮೇಣ ಹಚ್ಚುತ್ತ ಕೂತಳು.

"ಕೆರೆ ಮೇಲೆ ದಾರಿ ಇಲ್ವಾ?" ಟೂರುನ್ ಯಾರನ್ನೂ ನೋಡದೆ ಕೇಳಿದರು.

"ಇಲ್ಲ. ಈ ಸಲ ಕುದುರೆಬೆನ್ನಿನ ಮೇಲೆ."

"ಯಾರು ನೆಟ್ಟಿದ್ದು?"

"ನಾನು."

ಟೂರುನ್ ಚೀಲದ ಪಟ್ಟಿ ಬಿಗಿದುಕೊಂಡರು. "ಇದುನ್, ಕಡ್ಡಿ ಹತ್ರ ಹೋಗ್ಬೇಡ. ನನ್ನ ಹಿಂದೆ ಬಾ."

"ಮೇಲೆ ಬಲಕ್ಕೆ ಮಾತ್ರ ಹೋಗ್ಬೇಡ ಟೂರುನ್. ಹಿಮದ ಸೂರಿದೆ. ಬೇಕಾದ್ರೆ ಎಗಿಲ್ ಜೊತೆಗೆ ಬರ್ತಾನೆ."

"ಸ್ಟೈನಾರ್‌ಗೂ ಹೀಗೆ ಯಾರಾದ್ರೂ ಹೇಳಿದ್ರೆ ಚೆನ್ನಾಗಿರ್ತಿತ್ತು," ಎಂದು ಟೂರುನ್ ಹೊರಟೇಬಿಟ್ಟರು. ಕಡ್ಡಿಯ ಸಾಲು ಎಡಕ್ಕಿತ್ತು. ಅವರು ಬೇಕೆಂದೇ ಅದನ್ನು ಬಿಟ್ಟು ಬಲಕ್ಕೆ ಸರಿದು, ಕನ್ನೆ ಹಿಮದಲ್ಲಿ ತಮ್ಮದೇ ಜಾಡು ತೆಗೆಯುತ್ತ ಏರತೊಡಗಿದರು. ಮಗಳು ಹಿಂದೆ. ಅಲ್ಲಿ ಗಾಳಿಯೂ ಕಡಿಮೆ, ಯಾರಿಗಾದರೂ ಹಿತವೆನಿಸುವ ದಾರಿ. ಪಶ್ಚಿಮದಲ್ಲಿ ಆಕಾಶ ಮಾಸುತ್ತಿತ್ತು.

ಗುನ್ವೋರ್ ಅವರ ಬೆನ್ನನ್ನೇ ನೋಡುತ್ತ ನಿಂತಿದ್ದರು. ಹೀಗೇ ಹೋದರೆ ಮೇಲೆ ಎಲ್ಲಿಗೆ ಮುಟ್ಟುತ್ತಾರೆ ಅನ್ನುವುದು ನಮಗೆ ಮೂವರಿಗೂ ತಿಳಿದಿತ್ತು.

"ನಡಿ ಎಗಿಲ್. ಎರಡನೇ ಸಾಲು ನೆಡೋಣ."

"ಎರಡು ಸಾಲಾ? ಯಾವ ಕಾಲದಲ್ಲಿ ಯಾರು ನೆಟ್ಟಿದ್ದಾರೆ? ಜನ ನಗ್ತಾರೆ ಗುನ್ವೋರ್."

"ನಗ್ಲಿ. ನನ್ನ ಸಾಲಿನೊಳಗೆ ಅವ್ಳು ಬರಲ್ಲ. ಅವ್ಳಿರೋ ಕಡೆಗೆ ಸಾಲೇ ಹೋಗ್ಬೇಕು."

ಹಿಂಬದಿಯ ಕಣಿವೆಯಿಂದ ಸ್ಕೂಟರ್ ಏರಿಸಿ ನಾವು ಅವರಿಗಿಂತ ಮೊದಲು ಮೇಲೆ ತಲುಪಿದೆವು. ಎಗಿಲ್ ಹಗ್ಗವನ್ನು ಗುನ್ವೋರ್ ಸೊಂಟಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಸ್ಕೂಟರಿಗೆ ಬಿಗಿದು, ನಡುವೆ ತಾವೂ ಕಾಲೂರಿ ಹಿಡಿದರು. ನನಗೆ ಕಡ್ಡಿ ಎತ್ತಿಕೊಡುವ ಕೆಲಸ. ಗುನ್ವೋರ್ ಸಲಾಕೆ ಚುಚ್ಚುತ್ತ ಅಂಚಿನ ಕಡೆ ಇಳಿದರು. ಗಟ್ಟಿ ಸಿಕ್ಕಲ್ಲಿ ಕಡ್ಡಿ ನೆಟ್ಟರು, ಸಲಾಕೆ ಸಲೀಸಾಗಿ ಇಳಿದಲ್ಲಿ ಹಿಂದೆ ಸರಿದರು. ಒಂದು ಕಡೆ ಸಲಾಕೆ ಇಳಿದ ಮರುಗಳಿಗೆಯೇ ಅವರ ಮುಂದಿನ ನೆಲ ಸದ್ದಿಲ್ಲದೆ ಕಾಣೆಯಾಯಿತು. ಎಷ್ಟೋ ಹೊತ್ತಾದ ಮೇಲೆ ಕೆಳಗಿನಿಂದ ಧಪ್ಪೆಂಬ ಶಬ್ದ ಬಂತು. ಎಗಿಲ್ ಹಗ್ಗ ಎಳೆದು ಅವರನ್ನು ಈಚೆಗೆ ತಂದು, "ಮುದುಕಿ, ಸಾಯೋ ಆಸೆ ಇದ್ರೆ ನನ್ನ ಕೈಯಲ್ಲಿ ಹಗ್ಗ ಕೊಟ್ಟು ಸಾಯ್ಬೇಡ!" ಎಂದು ಕಿರುಚಿದರು. ಅವರ ಕಣ್ಣಲ್ಲಿ ನೀರಿತ್ತು.

"ಕೂಗ್ಬೇಡ. ಕಡ್ಡಿ ಕೊಡು," ಎಂದರು ಗುನ್ವೋರ್.

ಕೊನೆಯದನ್ನು ನೆಟ್ಟು, ಸ್ಕೂಟರನ್ನು ಬಂಡೆಯ ಹಿಂದಕ್ಕೆ ತಂದು ಕಾದೆವು. ಮಂಜಿನ ಮೊದಲ ಎಳೆಗಳು ದಿಣ್ಣೆಯನ್ನು ದಾಟುತ್ತಿದ್ದವು. ಟೂರುನ್ ತಲೆ ಬಗ್ಗಿಸಿ ಬರುತ್ತಿದ್ದವರು ಹೊಸ ಸಾಲಿನೆದುರು ನಿಂತರು. ಎಡಕ್ಕೊಂದು ಸಾಲು, ಬಲಕ್ಕೊಂದು. ಬಲಗಡೆಯ ಕಡ್ಡಿಗಳಾಚೆ ಹಿಮ ಕುಸಿದು ತೆರೆದುಕೊಂಡ ಕಪ್ಪು ಸಂದು ಅವರಿಗೂ ಕಾಣಿಸಿರಬೇಕು. ಬಹಳ ಹೊತ್ತು ಅದನ್ನೇ ನೋಡಿದರು. ನಮ್ಮ ಸ್ಕೂಟರಿನ ಜಾಡನ್ನೂ ನೋಡಿದರು, ಬಂಡೆಯ ಕಡೆ ಕಣ್ಣೆತ್ತಲಿಲ್ಲ. ಮಗಳ ತೋಳು ಹಿಡಿದು ಎರಡು ಸಾಲುಗಳ ನಡುವೆ, ಯಾವ ಕಡ್ಡಿಯನ್ನೂ ಮುಟ್ಟದೆ ನಡೆದುಹೋದರು. ಮಂಜು ಅವರನ್ನು ಮುಚ್ಚಿಕೊಂಡಿತು.

ಆಚೆ ದಡದಲ್ಲಿ ಕುಟೀರದ ಹೊಗೆ ಏಳುವುದು ಮಂಜು ಒಮ್ಮೆ ಹರಿದಾಗ ಕಾಣಿಸಿತು. ಅಲ್ಲಿಯವರೆಗೂ ಗುನ್ವೋರ್ ಕಣ್ಣಿಗಿಟ್ಟ ದುರ್ಬೀನು ಇಳಿಸಲಿಲ್ಲ.

"ಒಂದು ಸಲ ತಿರುಗಿ ನೋಡೋದಕ್ಕೇನಾಗಿತ್ತು ಅವ್ಳಿಗೆ?" ಎಗಿಲ್ ಗೊಣಗಿದರು. "ಕ್ಷಮಿಸದೇ ಹೋದ್ರೆ ಹೋಗ್ಲಿ, ಕೈಯನ್ನಾದ್ರೂ ಎತ್ತಬಾರ್ದಾ?"

"ಕ್ಷಮಿಸೋದೆಲ್ಲ ಬೇಡ ಮಾರಾಯ," ಗುನ್ವೋರ್ ಹಗ್ಗವನ್ನು ಸುತ್ತಿಡುತ್ತ ಹೇಳಿದರು. "ಪ್ರತಿ ವರ್ಷ ಬರ್ಲಿ, ನನ್ನ ಮೇಲೆ ಹೀಗೇ ಸಿಟ್ಟು ಮಾಡ್ಕೊಳ್ಲಿ, ಮಗಳನ್ನ ಕರ್ಕೊಂಡು ಜೀವಸಹಿತ ವಾಪಸ್ ಹೋಗ್ಲಿ. ನನಗೆ ಅಷ್ಟಾದ್ರೆ ಸಾಕು."